ಅಮ್ಮನ ಬೀಡಿ ಕಾರ್ಡಿನ ಫೋಟೋ: ಗೋಡೆಗೆ ಯಾವುದನ್ನು ಹಾಕಲಿ?

ತಡ್ಪೆ · ಜುಲೈ 19, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಸುರತ್ಕಲ್ ಹತ್ತಿರ. ಕಳೆದ ವರ್ಷ ಆಟಿಯಲ್ಲಿ, ಅಂದರೆ ತುಳುವರ ಮಳೆಗಾಲದ ತಿಂಗಳಲ್ಲಿ, ಅಮ್ಮ ತೀರಿಕೊಂಡರು. ಬರುವ ಆಗಸ್ಟ್ 4ಕ್ಕೆ ವರ್ಷ ತುಂಬುತ್ತದೆ. ಪೇಪರಿಗೆ ಪುಣ್ಯಸ್ಮರಣೆಯ ಜಾಹೀರಾತು ಕೊಡಬೇಕು, ಚಾವಡಿಯಲ್ಲಿ ಕಟ್ಟು ಹಾಕಿಸಿದ ಒಂದು ಫೋಟೋ ತೂಗಬೇಕು. ಅದಕ್ಕೆ ಫೋಟೋ ಹುಡುಕಲು ಕೂತೆ.

ಅಮ್ಮ ಒಬ್ಬರೇ ಇರುವ ಫೋಟೋ ಇಡೀ ಮನೆಯಲ್ಲಿ ಒಂದೇ ಒಂದು ಸಿಕ್ಕಿತು. ಮದುವೆ, ಸೀಮಂತ, ಮನೆ ಒಕ್ಕಲು ಎಲ್ಲ ಆಲ್ಬಮ್ಮುಗಳಲ್ಲೂ ಅವರಿದ್ದಾರೆ. ಆದರೆ ಮೂರನೇ ಸಾಲಿನಲ್ಲಿ, ಯಾರದೋ ಭುಜದ ಹಿಂದೆ. ಕ್ಯಾಮೆರಾ ಎತ್ತಿದರೆ ಸಾಕು, "ಎನ್ನ ಫೋಟೋ ದಾಯೆಗ್" ಎಂದು ಒಳಗೆ ಹೋಗಿಬಿಡುತ್ತಿದ್ದರು. ನನ್ನ ಫೋಟೋ ಯಾಕೆ ಎಂದು.

ಆ ಒಂದು ಫೋಟೋ ಇರುವುದು ಅವರ ಬೀಡಿ ಕಾರ್ಡಿನಲ್ಲಿ. ಬೀಡಿ ಕಾರ್ಮಿಕರಿಗೆ ಕೊಡುವ ಗುರುತಿನ ಚೀಟಿ ಇದೆಯಲ್ವಾ, ಅದು. ಕಪ್ಪು ಬಿಳುಪು, ಪಾಸ್‌ಪೋರ್ಟ್ ಸೈಜು. ಅಮ್ಮನಿಗೆ ಆಗ ಮೂವತ್ತರ ಆಸುಪಾಸು. ಎಡಗೆನ್ನೆಯಿಂದ ಕಿವಿಯವರೆಗೆ ನೇರಳೆ ಬಣ್ಣದ ಸೀಲು ಬಿದ್ದಿದೆ.

ಅದನ್ನು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟೆವು. ಅವರು ಸೀಲು ತೆಗೆದರು. ಮುಖ ಬೆಳ್ಳಗೆ ಮಾಡಿದರು. ಹಸಿರು ರೇಷ್ಮೆ ಸೀರೆ ಉಡಿಸಿದರು, ಕೊರಳಿಗೆ ಎರಡೆಳೆಯ ಚಿನ್ನದ ಸರ ಹಾಕಿದರು. ಹಿಂದೆ ನೀಲಿ ಬಣ್ಣ. ಅಬುಧಾಬಿಯಲ್ಲಿರುವ ಅಣ್ಣನಿಗೆ ಅದು ತುಂಬ ಹಿಡಿಸಿದೆ. ಅದನ್ನೇ ದೊಡ್ಡದು ಮಾಡಿಸು ಎನ್ನುತ್ತಾನೆ. ನನಗೆ ನೋಡಿದ ಕೂಡಲೇ ಅಳು ಬಂತು. ಅದು ಅಮ್ಮ ಅಲ್ಲ. ಅಮ್ಮ ಒಂದು ದಿನವೂ ಎರಡೆಳೆ ಸರ ಹಾಕಿಕೊಂಡವರಲ್ಲ. ಅವರು ತಡ್ಪೆಯನ್ನು, ಅಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಿಯೇ ನಮ್ಮಿಬ್ಬರನ್ನು ಓದಿಸಿದವರು.

ಇನ್ನೊಂದು ವಿಷಯವೂ ನನ್ನನ್ನು ಕಾಡುತ್ತಿದೆ. ಆರೆಂಟು ದಿನ ಆ ಚಿಕ್ಕ ಫೋಟೋವನ್ನೇ ನೋಡಿ ನೋಡಿ, ಈಗ ಕಣ್ಣು ಮುಚ್ಚಿದರೆ ಮೊದಲು ಫೋಟೋ ಬರುತ್ತದೆ, ಆಮೇಲೆ ಅಮ್ಮ ಬರುತ್ತಾರೆ. ಫೋಟೋ ನೆನಪನ್ನು ಉಳಿಸುತ್ತದೆಯೋ, ನೆನಪಿನ ಜಾಗದಲ್ಲಿ ತಾನೇ ಬಂದು ಕೂರುತ್ತದೆಯೋ? ಇಲ್ಲಿ ಚಿತ್ರಕಲೆ, ಫೋಟೋ ಗೊತ್ತಿರುವವರು ಇದ್ದೀರಿ. ನಿಮಗೆ ಏನನಿಸುತ್ತದೆ ಹೇಳಿ.

ಕುಲಶೇಖರದವಳು · ಜುಲೈ 19, ರಾತ್ರಿ 10.15

ಅಕ್ಕ, ನಿಮ್ಮ ಬರಹ ಓದಿ ತುಂಬ ಸಂಕಟವಾಯಿತು. ಬೀಡಿ ಕಾರ್ಡಿನ ಫೋಟೋವನ್ನೇ ಹಾಕಿ. ಸೀಲು ಸಮೇತ.

ಹಳೇ ಸ್ಟುಡಿಯೋ · ಜುಲೈ 19, ರಾತ್ರಿ 11.02

ತಂಗಿ, ನಾನು ಉಡುಪಿಯಲ್ಲಿ ನಲವತ್ತು ವರ್ಷ ಸ್ಟುಡಿಯೋ ನಡೆಸಿದವನು. ಈಗ ಮುಚ್ಚಿದ್ದೇನೆ. ನಿಮ್ಮ ಸ್ಟುಡಿಯೋದವರನ್ನು ಬೈಯಬೇಡಿ ಎಂದು ಮೊದಲು ಕೇಳಿಕೊಳ್ಳುತ್ತೇನೆ. ತೀರಿಕೊಂಡವರ ಫೋಟೋ ಮಾಡಿಸಲು ಬರುವ ಹತ್ತರಲ್ಲಿ ಎಂಟು ಜನ ನನ್ನ ಹತ್ತಿರ ಕೇಳಿದ್ದೂ ಅದನ್ನೇ: "ಒಂದು ಕೋಟು ಹಾಕಿಸಿ ಕೊಡಿ", "ಅಮ್ಮನಿಗೆ ಒಳ್ಳೆ ಸೀರೆ ಉಡಿಸಿ". ಕಂಪ್ಯೂಟರ್ ಬರುವ ಮುಂಚೆ ನಾವು ಅದನ್ನು ಕುಂಚದಲ್ಲಿ ಮಾಡುತ್ತಿದ್ದೆವು. ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಲ್ಲಿ ಕೂತು ಮುಖದ ಗೆರೆಗಳನ್ನು ತುಂಬುತ್ತಿದ್ದೆವು. ಬದುಕಿದ್ದಾಗ ಕೊಡಿಸಲಾಗದ್ದನ್ನು ಜನ ಫೋಟೋದಲ್ಲಿ ಕೊಡಿಸುತ್ತಿದ್ದರು. ಅದು ಸುಳ್ಳು ಎಂದು ನನಗೆ ಯಾವತ್ತೂ ಅನಿಸಲಿಲ್ಲ.

ಆ ಕಾಲದಲ್ಲಿ ಸಾವಿನ ಮನೆಗೂ ನಮ್ಮನ್ನು ಕರೆಯುತ್ತಿದ್ದರು. ಇಡೀ ಬದುಕಿನಲ್ಲಿ ಒಂದೂ ಫೋಟೋ ತೆಗೆಸದವರು ಬಹಳ ಜನ ಇದ್ದರು. ಫೋಟೋ ತೆಗೆದರೆ ಆಯಸ್ಸು ಕಡಿಮೆ ಎಂದು ಹಿರಿಯರು ಒಪ್ಪುತ್ತಿರಲಿಲ್ಲ. ಸತ್ತ ಮೇಲೆ ಆ ಭಯ ಇಲ್ಲ ಅಲ್ವಾ? ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದಿನಿಂದ ಬಟ್ಟೆ ಕಟ್ಟಿ ನಿಲ್ಲಿಸಿ, ಹಣೆಗೆ ಗಂಧ ಹಚ್ಚಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಲ್ಲುತ್ತಿದ್ದರು. 120 ಫಿಲ್ಮಿನಲ್ಲಿ ಹನ್ನೆರಡೇ ಫೋಟೋ. ನಾನು ಎರಡು ತೆಗೆಯುತ್ತಿದ್ದೆ, ಒಂದಕ್ಕೆ ಹಣ ತೆಗೆದುಕೊಳ್ಳುತ್ತಿದ್ದೆ. ಒಮ್ಮೆ ಕಲ್ಯಾಣಪುರದ ಕಡೆಯ ಒಂದು ಮನೆಯಲ್ಲಿ ಅಜ್ಜಿಯ ಕಣ್ಣು ಅರೆ ತೆರೆದಿತ್ತು. ಪ್ರಿಂಟಿನಲ್ಲಿ ಕಣ್ಣು ಪೂರ್ತಿ ತೆರೆದ ಹಾಗೆ ಬಿಡಿಸಿಕೊಡಿ ಎಂದು ಮಗ ಕೇಳಿಕೊಂಡರು. ಬಿಡಿಸಿಕೊಟ್ಟೆ. ಮೂವತ್ತು ವರ್ಷ ಆ ಫೋಟೋ ಅವರ ಗೋಡೆಯಲ್ಲಿತ್ತು. ಅದು ಸತ್ತ ಮೇಲೆ ತೆಗೆದದ್ದೆಂದು ಮೊಮ್ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಹಾಗಂತ ನಿಮ್ಮ ಸಂಕಟ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಆ ಸೀಲು ಮುಖದ ಮೇಲೆ ಬಿದ್ದದ್ದು ತಪ್ಪಿ ಅಲ್ಲ. ಅರ್ಧ ಫೋಟೋದ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕು ಎಂದೇ ಒತ್ತುವುದು. ಬೇರೆ ಯಾರೂ ಫೋಟೋ ಕಿತ್ತು ತಮ್ಮದನ್ನು ಅಂಟಿಸಬಾರದು. ಈ ಮುಖ, ಈ ಹೆಸರು ಒಬ್ಬರದೇ ಎಂದು ಹೇಳುವುದೇ ಅದರ ಕೆಲಸ.

ತಡ್ಪೆ · ಜುಲೈ 19, ರಾತ್ರಿ 11.20

ಅಣ್ಣಾ, ಕೊನೆಯ ಮಾತನ್ನು ನಾಲ್ಕು ಸಲ ಓದಿದೆ. ನನಗೆ ಅದು ಹೊಳೆದೇ ಇರಲಿಲ್ಲ.

ಚಿತ್ರದ ಮೇಷ್ಟ್ರು · ಜುಲೈ 20, ಬೆಳಿಗ್ಗೆ 7.30

ನಾನು ಮಂಗಳೂರಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ತಡ್ಪೆ ಅಕ್ಕನ ಪ್ರಶ್ನೆಯನ್ನೇ ಇಟ್ಟುಕೊಂಡು ಇಡೀ ಬದುಕು ಕೆಲಸ ಮಾಡಿದ ಕಲಾವಿದರಿದ್ದಾರೆ. ಇಬ್ಬರ ಬಗ್ಗೆ ಹೇಳುತ್ತೇನೆ.

ಜಪಾನಿನ ಇಶಿಯುಚಿ ಮಿಯಾಕೊ. 1947ರಲ್ಲಿ ಹುಟ್ಟಿದವರು. ಅವರಿಗೂ ತಾಯಿಗೂ ಅಷ್ಟಾಗಿ ಹೊಂದುತ್ತಿರಲಿಲ್ಲ. 2000ದಲ್ಲಿ ತಾಯಿ ತೀರಿಕೊಂಡರು. ಮನೆಯಲ್ಲಿ ಅವರ ವಸ್ತುಗಳು ಹಾಗೇ ಉಳಿದವು. ಅರ್ಧ ಖಾಲಿಯಾದ ಲಿಪ್‌ಸ್ಟಿಕ್, ಒಳಬಟ್ಟೆ, ಕೂದಲು ಸಿಕ್ಕಿಕೊಂಡ ಬಾಚಣಿಗೆ. ಎಸೆಯಲು ಮನಸ್ಸು ಬರಲಿಲ್ಲ. ಒಂದೊಂದನ್ನೇ ಎತ್ತಿ, ಬೆಳಕಿಗೆ ಹಿಡಿದು, ಒಬ್ಬ ಮನುಷ್ಯರ ಭಾವಚಿತ್ರ ತೆಗೆಯುವ ಹಾಗೆ ಫೋಟೋ ತೆಗೆದರು. 2005ರಲ್ಲಿ ಇಟಲಿಯ ವೆನಿಸ್ ಬಿಯೆನ್ನಾಲೆ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಜಪಾನಿನ ಪರವಾಗಿ ಆ ಚಿತ್ರಗಳನ್ನೇ ಇಟ್ಟರು. ಆಮೇಲೆ ಹಿರೋಷಿಮಾದ ಬಾಂಬಿನಲ್ಲಿ ಸತ್ತವರ ಬಟ್ಟೆಗಳನ್ನು ತೆಗೆದರು. ಹೂವಿನ ಚಿತ್ತಾರದ ಲಂಗ, ಹರಿದ ಅಂಗಿ. ಮುಖ ಇಲ್ಲ, ದೇಹ ಇಲ್ಲ. ಆದರೂ ನೋಡಿದರೆ ಒಬ್ಬಳು ಹುಡುಗಿ ಎದುರು ನಿಂತ ಹಾಗೆ ಅನಿಸುತ್ತದೆ.

ಇನ್ನೊಬ್ಬರು ಫ್ರಾನ್ಸಿನ ಕ್ರಿಸ್ಟಿಯಾನ್ ಬೋಲ್ಟಾನ್‌ಸ್ಕಿ. 1944ರಿಂದ 2021. ಇವರ ಕೆಲಸ ನಮ್ಮ ಕರಾವಳಿಯವರಿಗೆ ಬೇಗ ಅರ್ಥವಾಗುತ್ತದೆ. ನಾವು ಬೆಳಿಗ್ಗೆ ಪೇಪರ್ ತೆಗೆದರೆ ಒಳಪುಟದಲ್ಲಿ ನಿಧನ, ಶ್ರದ್ಧಾಂಜಲಿ, ಉತ್ತರಕ್ರಿಯೆ ಎಂದು ಸಾಲು ಸಾಲು ಮುಖಗಳನ್ನು ನೋಡುತ್ತೇವೆ ಅಲ್ವಾ? ಬೋಲ್ಟಾನ್‌ಸ್ಕಿ ಸ್ವಿಟ್ಜರ್ಲೆಂಡಿನ ಒಂದು ಪೇಪರಿನಲ್ಲಿ ಬರುತ್ತಿದ್ದ ಅಂಥ ಫೋಟೋಗಳನ್ನು ಕತ್ತರಿಸಿ ಇಟ್ಟುಕೊಂಡರು. ಮತ್ತೆ ಫೋಟೋ ತೆಗೆದು, ದೊಡ್ಡದು ಮಾಡಿ, ಗೋಡೆ ತುಂಬ ಹಾಕಿದರು. ದೊಡ್ಡದು ಮಾಡಿದಾಗ ಮುಖಗಳು ಮಸುಕಾಗುತ್ತವೆ, ಕಣ್ಣಿನ ಜಾಗದಲ್ಲಿ ಕಪ್ಪು ಗುಳಿ ಮಾತ್ರ ಉಳಿಯುತ್ತದೆ. ಸ್ವಿಸ್ ಜನರನ್ನೇ ಯಾಕೆ ಆರಿಸಿದಿರಿ ಎಂದರೆ, ಅವರಿಗೆ ಸಾಯಲು ಚರಿತ್ರೆಯ ಕಾರಣ ಯಾವುದೂ ಇಲ್ಲ, ಎಲ್ಲರ ಹಾಗೆ ಸುಮ್ನೆ ಸತ್ತವರು ಎಂಬ ಅರ್ಥದ ಮಾತು ಹೇಳಿದ್ದರು.

ನಿಮ್ಮ ಭಯ ಇದೆಯಲ್ಲ, ಫೋಟೋ ಬಂದು ನೆನಪಿನ ಜಾಗದಲ್ಲಿ ಕೂರುತ್ತದೆ ಎನ್ನುವುದು, ಅದು ನಿಜವಾದ ಭಯ. ಅದಕ್ಕೆ ನನ್ನ ಸಲಹೆ: ಗೋಡೆಗೆ ಯಾವುದನ್ನಾದರೂ ಹಾಕಿ. ಆದರೆ ಇಶಿಯುಚಿ ಮಾಡಿದ ಹಾಗೆ ಅಮ್ಮನ ತಡ್ಪೆ, ಎಲೆ ಕತ್ತರಿಸುವ ಕತ್ತರಿ, ಉಳಿದ ನೂಲಿನ ಉಂಡೆ, ಇವುಗಳ ಫೋಟೋ ತೆಗೆದಿಡಿ. ಒಂದೇ ಮುಖ ಎಲ್ಲವನ್ನೂ ಹೊರಬೇಕಾಗಿಲ್ಲ.

ಮಣಿಪಾಲ ಹಾಸ್ಟೆಲ್ · ಜುಲೈ 20, ಬೆಳಿಗ್ಗೆ 9.10

ನಾನು ಡಿಸೈನ್ ವಿದ್ಯಾರ್ಥಿನಿ. ಆಂಟಿ, ಎಐ ಆ್ಯಪ್‌ಗಳಲ್ಲಿ ಹಳೆ ಫೋಟೋಗೆ ಜೀವ ಕೊಡಬಹುದು. ಕಣ್ಣು ಮಿಟುಕಿಸುತ್ತದೆ, ನಗುತ್ತದೆ. ನನ್ನ ಅಜ್ಜನ ಫೋಟೋಗೆ ಮಾಡಿ ಅಜ್ಜಿಗೆ ತೋರಿಸಿದೆ. ಅಜ್ಜಿ ಹತ್ತು ಸಲ ನೋಡಿದರು. ಬೇಕಿದ್ದರೆ ನಿಮ್ಮ ಅಮ್ಮನದ್ದೂ ಮಾಡಿಕೊಡುತ್ತೇನೆ, ಹಣ ಏನೂ ಬೇಡ.

ಚಿತ್ರದ ಮೇಷ್ಟ್ರು · ಜುಲೈ 20, ಬೆಳಿಗ್ಗೆ 9.45

ಮಗಾ, ನಿನ್ನ ಮನಸ್ಸು ಒಳ್ಳೆಯದು. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಒಮ್ಮೆ ನೋಡು. 2021ರಲ್ಲಿ ಮೈಹೆರಿಟೇಜ್ ಕಂಪನಿ 'ಡೀಪ್ ನಾಸ್ಟಾಲ್ಜಿಯಾ' ಎಂದು ಶುರು ಮಾಡಿದಾಗ, ಮೊದಲೇ ಚಿತ್ರೀಕರಿಸಿಟ್ಟ ಬೇರೆಯವರ ತಲೆಯ ಚಲನೆಯನ್ನು ತಂದು ಹಳೆ ಫೋಟೋದ ಮುಖಕ್ಕೆ ಕೂಡಿಸುತ್ತಿದ್ದರು. ಮುಖ ಅಜ್ಜನದು, ತಲೆ ತಿರುಗಿಸುವ ರೀತಿ ಯಾರೋ ಅಪರಿಚಿತರದು. ಅಮ್ಮ ತಲೆ ಎತ್ತಿ ನೋಡುತ್ತಿದ್ದ ರೀತಿ ತಡ್ಪೆ ಅಕ್ಕನಿಗೆ ಗೊತ್ತು. ಬೇರೆ ರೀತಿಯಲ್ಲಿ ತಲೆ ಎತ್ತಿದರೆ ಅವರಿಗೆ ಇನ್ನೂ ನೋವಾಗಬಹುದು.

ಮಣಿಪಾಲ ಹಾಸ್ಟೆಲ್ · ಜುಲೈ 20, ಬೆಳಿಗ್ಗೆ 10.05

ಇದು ನನಗೆ ಗೊತ್ತಿರಲಿಲ್ಲ ಸರ್. ಅಜ್ಜಿ ಕೊನೆಗೆ ಒಂದು ಮಾತು ಹೇಳಿದ್ದರು, "ಇವರು ಹೀಗೆ ನಗುತ್ತಿರಲಿಲ್ಲ, ಆದರೂ ಚಂದ ಉಂಟು" ಅಂತ. ಆಗ ಎರಡನೇ ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ.

ಕುಲಶೇಖರದವಳು · ಜುಲೈ 20, ಮಧ್ಯಾಹ್ನ 1.30

ಹೆಣದ ಫೋಟೋದ ಬಗ್ಗೆ ಹಳೇ ಸ್ಟುಡಿಯೋ ಅಣ್ಣ ಬರೆದದ್ದಕ್ಕೆ ನಾನೂ ಸ್ವಲ್ಪ ಸೇರಿಸುತ್ತೇನೆ. ನಾವು ಕೊಂಕಣಿ ಕ್ಯಾಥೊಲಿಕರು. ನಮ್ಮಲ್ಲಿ ಶವಪೆಟ್ಟಿಗೆಯ ಸುತ್ತ ಇಡೀ ಕುಟುಂಬ ನಿಂತು ಫೋಟೋ ತೆಗೆಸುವುದು ನನ್ನ ಚಿಕ್ಕಂದಿನಿಂದ ನೋಡಿದ್ದೇನೆ. ಪೆಟ್ಟಿಗೆಯ ತಲೆಯ ಭಾಗವನ್ನು ಸ್ವಲ್ಪ ಎತ್ತರಿಸಿ, ಮುಖ ಕಾಣುವ ಹಾಗೆ. ಆಮೇಲೆ ಆ ಪ್ರಿಂಟು ಮುಂಬೈ, ಕುವೈತ್, ಬಹ್ರೇನ್‌ಗೆ ಅಂಚೆಯಲ್ಲಿ ಹೋಗುತ್ತಿತ್ತು. ಬರಲಾಗದ ಮಗನಿಗೆ ಅದು ಬೇಕಿತ್ತು. ತಂದೆ ಹೋದರು ಎಂದು ಟ್ರಂಕ್ ಕಾಲ್‌ನಲ್ಲಿ ಕೇಳುವುದು ಬೇರೆ, ಪೆಟ್ಟಿಗೆಯಲ್ಲಿ ಮಲಗಿದ್ದನ್ನು ನೋಡುವುದು ಬೇರೆ. ನಮ್ಮ ಮಾವ ಕುವೈತಿನಲ್ಲಿ ಆ ಫೋಟೋ ಕೈಗೆ ಬಂದ ಮೇಲೆಯೇ ಅತ್ತರಂತೆ. ಅದರ ಹಿಂದಿನ ತಿಂಗಳು ಪೂರ್ತಿ ಕೆಲಸಕ್ಕೆ ಹೋಗಿ ಬಂದರಂತೆ.

ಈಗ ಲೈವ್ ಸ್ಟ್ರೀಮಿಂಗ್ ಇದೆ. ಆದರೆ ಲೈವ್ ಮುಗಿದು ಹೋಗುತ್ತದೆ. ಆ ಪ್ರಿಂಟು ನಮ್ಮ ಮನೆಯ ಬೈಬಲಿನ ಒಳಗೆ ಈಗಲೂ ಇದೆ.

ಉಳ್ಳಾಲ ಅಳಿವೆ · ಜುಲೈ 20, ಸಂಜೆ 6.50

ನಾನು ಬ್ಯಾರಿ, ಕರಾವಳಿಯ ಮುಸ್ಲಿಂ. ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಯಾರ ಫೋಟೋವೂ ಇಲ್ಲ, ತೀರಿಕೊಂಡವರದ್ದಂತೂ ಇಲ್ಲವೇ ಇಲ್ಲ. ಮಯ್ಯತ್ತಿನ, ಅಂದರೆ ಹೆಣದ ಫೋಟೋ ತೆಗೆಯುವುದಿಲ್ಲ. ಹಾಗಾಗಿ ಫೋಟೋ ಇಲ್ಲದೆ ನೆನಪು ಹೇಗಿರುತ್ತದೆ ಎಂದು ನಾನು ಹೇಳಬಲ್ಲೆ.

ಉಮ್ಮ ಹೋಗಿ ಎರಡು ವರ್ಷ. ನನ್ನ ಮೊಬೈಲಿನಲ್ಲಿ ಅವರ ಒಂದು ವಾಯ್ಸ್ ಮೆಸೇಜ್ ಇದೆ. 14 ಸೆಕೆಂಡ್. ಬರುವಾಗ ಬೂತಾಯಿ ಮೀನು ಸಿಕ್ಕಿದರೆ ತಾ, ದೊಡ್ಡದು ಬೇಡ ಎಂದು ಹೇಳಿದ್ದು. ಹಿಂದೆ ಕುಕ್ಕರ್ ಸೀಟಿ ಕೇಳುತ್ತದೆ. ಅದನ್ನು ನಾನು ಜಾಸ್ತಿ ಕೇಳುವುದಿಲ್ಲ. ಹೆದರಿಕೆ. ಪದೇ ಪದೇ ಕೇಳಿದರೆ ಅದು ಬರೇ ಒಂದು ಸದ್ದು ಆಗಿಬಿಟ್ಟರೆ? ಅಕ್ಕ, ನಿಮ್ಮ ಎರಡನೇ ಪ್ರಶ್ನೆ ನನ್ನದೂ ಹೌದು. ಫೋಟೋ ಇಲ್ಲದಿದ್ದರೂ ಆ ಪ್ರಶ್ನೆ ಬಿಡುವುದಿಲ್ಲ.

ಚಿತ್ರದ ಮೇಷ್ಟ್ರು · ಜುಲೈ 20, ಸಂಜೆ 7.20

ಅಳಿವೆ ತಮ್ಮಾ, ನಾನು ಮೇಲೆ ಹೇಳಿದ ಬೋಲ್ಟಾನ್‌ಸ್ಕಿ ಕಡೆಕಡೆಗೆ ಮುಖಗಳನ್ನು ಬಿಟ್ಟು ಎದೆಬಡಿತದ ಸದ್ದು ಕೂಡಿಡಲು ಶುರು ಮಾಡಿದರು. 2008ರಿಂದ ಬೇರೆ ಬೇರೆ ದೇಶದ ಜನರ ಎದೆಬಡಿತ ರೆಕಾರ್ಡ್ ಮಾಡಿದರು. 2010ರಿಂದ ಜಪಾನಿನ ತೆಶಿಮಾ ಎಂಬ ದ್ವೀಪದಲ್ಲಿ, ಕಡಲ ದಂಡೆಯ ಒಂದು ಚಿಕ್ಕ ಕಟ್ಟಡದಲ್ಲಿ ಅವು ಇವೆ. ಒಳಗಿನ ಕತ್ತಲೆ ಕೋಣೆಯಲ್ಲಿ ಒಂದು ಬಲ್ಬು ಆ ಬಡಿತಕ್ಕೆ ತಕ್ಕ ಹಾಗೆ ಹೊತ್ತಿ ಆರುತ್ತದೆ. ತೀರಿಕೊಂಡ ಅಪ್ಪನ ಎದೆಬಡಿತ ಕೇಳಲು ಮಕ್ಕಳು ದೋಣಿ ಹತ್ತಿ ಹೋಗಬಹುದು. ದೂರ ಇದ್ದದ್ದೇ ಒಳ್ಳೆಯದೇನೋ. ಜೇಬಿನಲ್ಲೇ ಇದ್ದರೆ ನಿಮಗೆ ಆಗುವ ಹೆದರಿಕೆ ಅವರಿಗೂ ಆಗುತ್ತಿತ್ತು.

ಗುತ್ತಿನಮನೆ · ಜುಲೈ 21, ಬೆಳಿಗ್ಗೆ 6.15

ಆಟಿ ನಡೆಯುತ್ತಿರುವಾಗ ಈ ಮಾತು ಬಂದದ್ದು ಒಳ್ಳೆಯದಾಯಿತು. ನಮ್ಮ ಮೂಲ ಮನೆಯಲ್ಲಿ ಆಟಿಯಲ್ಲಿ ಕುಲೆಗಳಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಬಡಿಸುತ್ತೇವೆ. ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದು ಹೊರಗೆ ಕೂರುತ್ತೇವೆ. ಆ ಕೋಣೆಯಲ್ಲಿ ಒಂದೂ ಫೋಟೋ ಇಲ್ಲ. ಹೆಸರು ಹೇಳಿ ಕರೆಯುವುದು ಮಾತ್ರ. ಯಾರಿಗೆ ಒಣಮೀನು ಇಷ್ಟ, ಯಾರಿಗೆ ಶೇಂದಿ ಇಡಬೇಕು ಎನ್ನುವುದು ನನ್ನ ದೊಡ್ಡಮ್ಮನಿಗೆ ಮೂರು ತಲೆಮಾರಿನದ್ದು ನೆನಪಿದೆ.

ಮದುವೆಗೆ ಮುಂಚೆ ತೀರಿಕೊಂಡವರಿಗೆ ಮದುವೆ ಮಾಡಿಸುವುದು ನಮ್ಮ ಕಡೆ ಇದೆ, ನಿಮಗೆ ಗೊತ್ತು. ಕುರ್ಚಿಯ ಮೇಲೆ ಹುಡುಗಿಯ ಹೆಸರಿನಲ್ಲಿ ಸೀರೆ, ಹುಡುಗನ ಹೆಸರಿನಲ್ಲಿ ಪಂಚೆ ಅಂಗಿ ಇಟ್ಟು ಧಾರೆ ಎರೆಯುತ್ತಾರೆ. ನಾನು ಹೋದ ಒಂದು ಮದುವೆಯಲ್ಲಿ ಹುಡುಗಿ ತೀರಿಕೊಂಡಾಗ ಆರು ತಿಂಗಳ ಕೂಸು. ಫೋಟೋ ಇರಲೇ ಇಲ್ಲ. ಇಪ್ಪತ್ತೈದು ವರ್ಷದ ಮೇಲೆ ಅವಳ ಅಮ್ಮ ಆ ಸೀರೆಯ ನೆರಿಗೆ ಸರಿಮಾಡಿದರು. ಮಗಳು ಇಷ್ಟು ಎತ್ತರ ಆಗಿರುತ್ತಿದ್ದಳು ಎಂದು ಅವರ ಕೈಗೆ ಗೊತ್ತಿತ್ತು. ಮೇಷ್ಟ್ರು ಹೇಳಿದ ಜಪಾನಿನ ಲಂಗದ ಫೋಟೋ ಬಗ್ಗೆ ಓದುವಾಗ ನನಗೆ ಆ ಸೀರೆ ಕಣ್ಣಿಗೆ ಬಂತು. ಕೂಸಿನ ಫೋಟೋ ಇದ್ದಿದ್ದರೆ ಅವಳು ಕೂಸಾಗಿಯೇ ಉಳಿಯುತ್ತಿದ್ದಳೇನೋ. ಇಲ್ಲದ್ದರಿಂದ ಬೆಳೆದಳು.

ತಡ್ಪೆ · ಜುಲೈ 21, ಬೆಳಿಗ್ಗೆ 6.40

ಇದನ್ನು ಓದಿ ಸ್ವಲ್ಪ ಹೊತ್ತು ಹೊರಗೆ ಬಂದು ಕೂತೆ.

ಕೆಂಜಾರು ಗುಡ್ಡೆ · ಜುಲೈ 21, ರಾತ್ರಿ 8.30

ತುಂಬ ದಿನದಿಂದ ಎಲ್ಲೂ ಬರೆಯದ್ದನ್ನು ಬರೆಯುತ್ತೇನೆ. 2010ರ ಮೇ 22ರ ಮಂಗಳೂರು ವಿಮಾನ ದುರಂತ. 158 ಜನ ಹೋದರು, 8 ಜನ ಉಳಿದರು. ಹೋದವರಲ್ಲಿ ನಮ್ಮ ಸಂಬಂಧಿಕರೊಬ್ಬರಿದ್ದರು. ಪೇಪರಿನಲ್ಲಿ ಅವರದ್ದೂ ಬಂದದ್ದು ಪಾಸ್‌ಪೋರ್ಟ್ ಸೈಜಿನ ಫೋಟೋ. ಕೆಲಸಕ್ಕೆ ವೀಸಾ ಮಾಡಿಸಲು ತೆಗೆಸಿದ್ದು. ನೇರ ನೋಟ, ನಗು ಇಲ್ಲ. ಗಲ್ಫಿಗೆ ಹೋಗಲು ತೆಗೆಸಿದ ಫೋಟೋವೇ ಕೊನೆಗೆ ಗೋಡೆಗೆ ಬಂತು.

ನನಗೆ ಸಿಟ್ಟು ಇರುವುದು ಬೇರೆ ಫೋಟೋಗಳ ಮೇಲೆ. ಕಣಿವೆಯಲ್ಲಿ ತೆಗೆದವು. ಜನ ಮೊಬೈಲಿನಿಂದ ಮೊಬೈಲಿಗೆ ಕಳಿಸಿಕೊಂಡರು. ನನ್ನ ಎದುರಿಗೇ ಬಸ್ಸಿನಲ್ಲಿ ಒಬ್ಬರು ಪಕ್ಕದವರಿಗೆ ತೋರಿಸಿದರು. ಈಗಲೂ ಹೆದ್ದಾರಿಯಲ್ಲಿ ಅಪಘಾತ ಆದರೆ ಅರ್ಧ ಗಂಟೆಯೊಳಗೆ ಗ್ರೂಪುಗಳಿಗೆ ಬರುತ್ತದೆ. ಮನೆಯವರಿಗೆ ಸುದ್ದಿ ಮುಟ್ಟುವ ಮುಂಚೆ ಫೋಟೋ ಮುಟ್ಟುತ್ತದೆ. ದಯವಿಟ್ಟು ಯಾರೂ ಅದನ್ನು ಮುಂದೆ ಕಳಿಸಬೇಡಿ. ಅದು ಯಾರೋ ಒಬ್ಬರ ಅಮ್ಮನ ಕಣ್ಣಿಗೆ ಬೀಳುತ್ತದೆ.

ಚಿತ್ರದ ಮೇಷ್ಟ್ರು · ಜುಲೈ 21, ರಾತ್ರಿ 10.00

ಕೆಂಜಾರಿನವರೇ, ನೀವು ಬರೆದದ್ದಕ್ಕೆ ಉತ್ತರ ಕೊಡುವ ಶಕ್ತಿ ನನಗಿಲ್ಲ. ಅಲ್ಫ್ರೆಡೊ ಜಾರ್ ಎಂಬ ಚಿಲಿ ದೇಶದ ಕಲಾವಿದರ ನೆನಪಾಯಿತು, ಅಷ್ಟು ಹೇಳುತ್ತೇನೆ. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಕಗ್ಗೊಲೆ ನಡೆದ ಬೆನ್ನಿಗೇ ಅಲ್ಲಿಗೆ ಹೋಗಿ ಸಾವಿರಾರು ಫೋಟೋ ತೆಗೆದರು. ವಾಪಸು ಬಂದ ಮೇಲೆ ಅವನ್ನು ತೋರಿಸಲು ಮನಸ್ಸು ಒಪ್ಪಲಿಲ್ಲ. 1995ರಲ್ಲಿ ಆ ಫೋಟೋಗಳನ್ನು ಕಪ್ಪು ಪೆಟ್ಟಿಗೆಗಳ ಒಳಗಿಟ್ಟು ಮುಚ್ಚಿದರು. ಮುಚ್ಚಳದ ಮೇಲೆ ಒಳಗಿನ ಫೋಟೋದಲ್ಲಿ ಏನಿದೆ ಎಂದು ಬರೆದರು. ಪೆಟ್ಟಿಗೆಗಳನ್ನು ಸಮಾಧಿಗಳ ಹಾಗೆ ಜೋಡಿಸಿದರು. ಬಂದವರು ಓದಬೇಕು. ನೋಡುವ ಹಾಗಿಲ್ಲ.

ಇನ್ನೊಂದು. ಫ್ರೆಂಚ್ ಲೇಖಕ ರೋಲಾಂ ಬಾರ್ತ್ 1977ರಲ್ಲಿ ತಾಯಿಯನ್ನು ಕಳಕೊಂಡ ಮೇಲೆ ಫೋಟೋಗಳ ಬಗ್ಗೆ ಒಂದು ಪುಸ್ತಕ ಬರೆದರು. ತಾಯಿ ಐದು ವರ್ಷದ ಹುಡುಗಿಯಾಗಿದ್ದಾಗಿನ ಒಂದು ಫೋಟೋ ಸಿಕ್ಕಿದ್ದೇ ಆ ಪುಸ್ತಕದ ಜೀವ. ಪುಸ್ತಕದಲ್ಲಿ ಬೇರೆ ಎಷ್ಟೋ ಫೋಟೋ ಇವೆ, ಅದೊಂದು ಇಲ್ಲ. ನಿಮಗೆ ಅದು ಯಾವುದೋ ಒಂದು ಹಳೆ ಫೋಟೋ ಅಷ್ಟೇ ಎಂದು ಹೇಳಿ ಅವರು ಅದನ್ನು ತಮ್ಮಲ್ಲೇ ಇಟ್ಟುಕೊಂಡರು. ತಡ್ಪೆ ಅಕ್ಕ, ನೀವೂ ಬೀಡಿ ಕಾರ್ಡನ್ನು ಪೇಪರಿಗೆ ಕೊಡಲೇಬೇಕು ಎಂದಿಲ್ಲ.

ತಡ್ಪೆ · ಜುಲೈ 22, ರಾತ್ರಿ 9.15

ಮೇಷ್ಟ್ರೇ, ಅಣ್ಣನ ಪರವಾಗಿಯೂ ಯಾರಾದರೂ ಮಾತಾಡಿ. ನನಗೆ ಅವನ ಜೊತೆ ಜಗಳ ಬೇಡ. ಇವತ್ತು ಫೋನಿನಲ್ಲಿ ಸ್ವಲ್ಪ ಜೋರು ಮಾತು ಆಯಿತು.

ಚಿತ್ರದ ಮೇಷ್ಟ್ರು · ಜುಲೈ 22, ರಾತ್ರಿ 10.30

ಅಣ್ಣನ ಪರವಾಗಿ ದೊಡ್ಡ ಸಾಕ್ಷಿಯೇ ಇದೆ. ಚಿತ್ರ ಬರೆಯುತ್ತಿದ್ದ ಅಮೃತಾ ಶೇರ್‌ಗಿಲ್ ಗೊತ್ತಲ್ಲ? 1941ರಲ್ಲಿ ಲಾಹೋರಿನಲ್ಲಿ 28ನೇ ವಯಸ್ಸಿಗೆ ತೀರಿಕೊಂಡರು. ಅವರ ತಂಗಿಯ ಮಗ ವಿವಾನ್ ಸುಂದರಂ ಹುಟ್ಟಿದ್ದು 1943ರಲ್ಲಿ. ದೊಡ್ಡಮ್ಮನನ್ನು ಕಂಡೇ ಇಲ್ಲ. ಆದರೆ ಅಜ್ಜ ಉಮ್ರಾವ್ ಸಿಂಗರಿಗೆ ಫೋಟೋದ ಹುಚ್ಚು ಇತ್ತು. ಮನೆಯವರನ್ನು, ತಮ್ಮನ್ನೇ, ದಶಕಗಳ ಕಾಲ ತೆಗೆದರು. ವಿವಾನ್ 2001, 2002ರಲ್ಲಿ ಆ ಹಳೆ ಫೋಟೋಗಳನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಕೂಡಿಸಿದರು. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ವರ್ಷದಲ್ಲಿ ತೆಗೆದವರು ಒಂದೇ ಕೋಣೆಯಲ್ಲಿ ಸೇರಿದರು. ಎರಡು ವಯಸ್ಸಿನ ಅಮೃತಾ ಅಕ್ಕಪಕ್ಕ ಬಂದರು. ನಿಮ್ಮ ಪೇಟೆಯ ಸ್ಟುಡಿಯೋದವರು ಬಳಸಿದ್ದೂ ಅದೇ ತರಹದ ಸಾಫ್ಟ್‌ವೇರ್.

ಹಾಗಾದರೆ ವ್ಯತ್ಯಾಸ ಎಲ್ಲಿ? ನಾನು ರಾತ್ರಿ ಇದನ್ನೇ ಯೋಚಿಸಿದೆ. ವಿವಾನ್ ಅವರ ಚಿತ್ರದಲ್ಲಿ ಇರುವುದೆಲ್ಲ ಆ ಮನೆಯದೇ. ಅದೇ ಕನ್ನಡಿ, ಅದೇ ಬಟ್ಟೆ, ಅದೇ ಮುಖ. ಜೋಡಿಸಿದ್ದು ಮಾತ್ರ ಹೊಸದು. ನಿಮ್ಮ ಅಮ್ಮನಿಗೆ ಉಡಿಸಿದ ಸೀರೆ ಯಾವ ಮನೆಯದೂ ಅಲ್ಲ. ಅದೇ ಸೀರೆ ನೂರು ಜನರ ಅಮ್ಮಂದಿರ ಮೇಲೆ ಇದೆ. ನಿಮಗೆ ಚುಚ್ಚಿದ್ದು ಅದು ಇರಬೇಕು. ಅಣ್ಣನ ಆಸೆಯಲ್ಲಿ ತಪ್ಪಿಲ್ಲ. ಅವನು ಯಾಕೆ ಹಾಗೆ ಬಯಸುತ್ತಾನೆ ಎಂದು ಒಮ್ಮೆ ಸಮಾಧಾನವಾಗಿ ಕೇಳಿ.

ಹಳೇ ಸ್ಟುಡಿಯೋ · ಜುಲೈ 23, ಬೆಳಿಗ್ಗೆ 8.00

ನಡುವೆ ಒಂದು ಕೆಲಸದ ಮಾತು. ಮಳೆಗಾಲ. ಇದನ್ನು ಓದುತ್ತಿರುವ ಎಲ್ಲರೂ ಇವತ್ತೇ ಮನೆಯ ಹಳೆ ಫೋಟೋಗಳನ್ನು ತೆಗೆದು ನೋಡಿ. ನಮ್ಮ ಕರಾವಳಿಯಲ್ಲಿ ಫೋಟೋಗೆ ಹುಳುವಿಗಿಂತ ಬೂಸ್ಟಿನ ಕಾಟ ಜಾಸ್ತಿ. ಪ್ರಿಂಟಿನ ಮೇಲ್ಪದರ ಜೆಲಟಿನ್, ಅಂದರೆ ಪ್ರಾಣಿಗಳ ಮೂಳೆ ಚರ್ಮದಿಂದ ಮಾಡಿದ್ದು. ಬೂಸ್ಟಿಗೆ ಅದೇ ಊಟ. ಬೂಸ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಜೆಲಟಿನ್ ಉಬ್ಬಿ ಮುಖವೇ ಎದ್ದು ಬರುತ್ತದೆ. ಮೊದಲು ಚೆನ್ನಾಗಿ ಒಣಗಿಸಿ. ಆಮೇಲೆ ಮನೆಯ ಹೊರಗೆ ಮೆತ್ತನೆ ಬ್ರಶ್ಶಿನಲ್ಲಿ ಕೊಡವಿ. ಕಟ್ಟು ಹಾಕಿಸುವಾಗ ಫೋಟೋ ಗಾಜಿಗೆ ತಾಗಬಾರದು. ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ. ಇಲ್ಲದಿದ್ದರೆ ನಾಲ್ಕು ಮಳೆಗಾಲದಲ್ಲಿ ಗಾಜಿಗೆ ಅಂಟಿಕೊಂಡುಬಿಡುತ್ತದೆ. ಅಂಟುವ ಹಾಳೆಯ ಆಲ್ಬಮ್ ಬೇಡವೇ ಬೇಡ.

1970, 80ರ ಕಲರ್ ಫೋಟೋಗಳು ಕೆಂಪಾಗಿವೆ ಎಂದು ಜನ ಸ್ಟುಡಿಯೋದವರನ್ನು ದೂರುತ್ತಿದ್ದರು. ಆ ಕಾಲದ ಕಾಗದದಲ್ಲಿ ಹಸಿರುನೀಲಿ ಬಣ್ಣ ಬೇಗ ಮಾಸುತ್ತಿತ್ತು, ಕತ್ತಲಲ್ಲಿಟ್ಟರೂ ಮಾಸುತ್ತಿತ್ತು. ಅದು ಹೋದರೆ ಉಳಿಯುವುದು ಕೆಂಪು. ಕಪ್ಪು ಬಿಳುಪು ಹಾಗಲ್ಲ, ಅದು ಬೆಳ್ಳಿ. ಫೋಟೋ ಮಾಸದಂತೆ ನಿಲ್ಲಿಸುವ ಹೈಪೋ ದ್ರಾವಣದಲ್ಲಿ ಸರಿಯಾಗಿ ಹಾಕಿ, ಆಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದಿದ್ದರೆ ನೂರು ವರ್ಷಕ್ಕೂ ಏನೂ ಆಗುವುದಿಲ್ಲ. ತಂಗಿ, ನಿಮ್ಮ ಅಮ್ಮನ ಚಿಕ್ಕ ಫೋಟೋ ಇಷ್ಟು ದಿನ ಉಳಿದಿದೆ ಎಂದರೆ ಯಾವನೋ ಒಬ್ಬ ಹುಡುಗ ಡಾರ್ಕ್ ರೂಮಿನಲ್ಲಿ ಅದನ್ನು ಸರಿಯಾಗಿ ತೊಳೆದಿದ್ದಾನೆ.

ಮಣಿಪಾಲ ಹಾಸ್ಟೆಲ್ · ಜುಲೈ 23, ಬೆಳಿಗ್ಗೆ 9.30

ಹಳೇ ಸ್ಟುಡಿಯೋ ಅಂಕಲ್, 2011ರ ಮಾರ್ಚ್ 11ರ ಸುನಾಮಿ ಆದ ಮೇಲೆ ಜಪಾನಿನ ಯಾಮಾಮೊಟೊ ಎಂಬ ಊರಿನಲ್ಲಿ ಕೆಸರಿನಿಂದ ಸುಮಾರು ಏಳೂವರೆ ಲಕ್ಷ ಫೋಟೋ ಎತ್ತಿದರು ಎಂದು ಕ್ಲಾಸಿನಲ್ಲಿ ಓದಿದ್ದೆವು. ಸ್ವಯಂಸೇವಕರು ಒಂದೊಂದನ್ನೇ ನೀರಿನಲ್ಲಿ ತೊಳೆದು, ಒಣಗಿಸಿ, ಕಂಪ್ಯೂಟರಿಗೆ ಹಾಕಿ, ಮನೆಯವರಿಗೆ ಮುಟ್ಟಿಸಲು ನೋಡಿದರು. ಮುಖವೇ ಕರಗಿ ಹೋದವುಗಳನ್ನೂ ಎಸೆಯಲಿಲ್ಲ. ಅವನ್ನು ಗೋಡೆ ತುಂಬ ಹಾಕಿ ಬೇರೆ ದೇಶಗಳಲ್ಲೂ ತೋರಿಸಿದರು. ಒದ್ದೆಯಾಗಬಾರದು ಅಂದಿರಲ್ಲ, ಅವರು ಹೇಗೆ ತೊಳೆದರು?

ಹಳೇ ಸ್ಟುಡಿಯೋ · ಜುಲೈ 23, ಬೆಳಿಗ್ಗೆ 9.50

ಒಳ್ಳೆ ಪ್ರಶ್ನೆ ಮಗಾ. ಮೊದಲೇ ಪೂರ್ತಿ ಒದ್ದೆಯಾದ, ಕೆಸರು ಮೆತ್ತಿದ ಫೋಟೋವನ್ನು ಹಾಗೇ ಒಣಗಲು ಬಿಟ್ಟರೆ ಒಂದಕ್ಕೊಂದು ಅಂಟಿ ಕಲ್ಲಾಗುತ್ತದೆ. ಅದನ್ನು ತಣ್ಣನೆ ಶುದ್ಧ ನೀರಿನಲ್ಲಿ ತೇಲಿಸಿ ಬಿಡಿಸಬೇಕು, ಮುಖ ಮೇಲೆ ಮಾಡಿ ಒಣಗಿಸಬೇಕು. ನೆರೆ ಬಂದ ವರ್ಷ ನಾನೂ ಒಂದು ಮನೆಯವರಿಗೆ ಹಾಗೆ ಮಾಡಿಕೊಟ್ಟಿದ್ದೇನೆ. ಒಣಗಿದ ಫೋಟೋಗೆ ಬೂಸ್ಟು ಬಂದದ್ದು ಬೇರೆ ವಿಷಯ, ಅದಕ್ಕೆ ನೀರು ಮುಟ್ಟಿಸಬಾರದು.

ಇನ್ನೊಂದು ಬಿಟ್ಟೆ. ಫೋಟೋದ ಹಿಂದೆ ಹೆಸರು ಬರೆಯಿರಿ. ಮೆತ್ತನೆ ಪೆನ್ಸಿಲಿನಲ್ಲಿ, ಒತ್ತದೆ. ಬಾಲ್ ಪೆನ್ನಿನದು ಮುಂದೆ ಮೂಡುತ್ತದೆ. ನನ್ನ ಅಂಗಡಿ ಮುಚ್ಚುವಾಗ ಯಾರೂ ಕೇಳಿಕೊಂಡು ಬಾರದ ಫೋಟೋಗಳು ಎರಡು ಟ್ರಂಕು ತುಂಬ ಇದ್ದವು. ಹೆಸರಿಲ್ಲ. ಈಗಲೂ ಅಟ್ಟದಲ್ಲಿವೆ. ಯಾರು ಬಂದರೂ ಒಮ್ಮೆ ತೋರಿಸುತ್ತೇನೆ.

ಗುತ್ತಿನಮನೆ · ಜುಲೈ 23, ಮಧ್ಯಾಹ್ನ 12.10

ಹೆಸರಿನ ಮಾತು ನಿಜ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದವರು. ಅವರು ತೆಗೆದ ನಮ್ಮೂರಿನ ಹಳೆ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಜೋಪಾನವಾಗಿವೆ, ಇಂಟರ್ನೆಟ್ಟಿನಲ್ಲೂ ನೋಡಬಹುದು. ನೇಯ್ಗೆ ಕಾರ್ಖಾನೆ, ಹಂಚಿನ ಕಾರ್ಖಾನೆ, ಶಾಲೆ. ಸಾಲಾಗಿ ನಿಂತ ಕೆಲಸದವರು. ಎಷ್ಟೋ ಚಿತ್ರಗಳಲ್ಲಿ ಪಾದ್ರಿಗಳ ಹೆಸರು ಇದೆ, ನಮ್ಮವರ ಹೆಸರು ಇಲ್ಲ. ಒಂದು ಫೋಟೋದಲ್ಲಿ ನನ್ನ ಮಾವನ ಹಾಗೇ ಇರುವ ಒಬ್ಬರನ್ನು ಕಂಡೆ. ಅದೇ ಕಿವಿ. ಕೇಳಲು ಯಾರೂ ಇಲ್ಲ.

ಕುಲಶೇಖರದವಳು · ಜುಲೈ 25, ಸಂಜೆ 5.00

ತಡ್ಪೆ ಅಕ್ಕ, ಏನಾಯಿತು? ಎರಡು ದಿನದಿಂದ ನಿಮ್ಮ ಸುದ್ದಿ ಇಲ್ಲ.

ತಡ್ಪೆ · ಜುಲೈ 26, ರಾತ್ರಿ 11.45

ಅಣ್ಣನ ಹತ್ತಿರ ಮಾತಾಡಿದೆ. ಮೇಷ್ಟ್ರು ಹೇಳಿದ ಹಾಗೆ, ಯಾಕೆ ಎಂದು ಕೇಳಿದೆ. ವಿಡಿಯೋ ಕಾಲಿನಲ್ಲಿ ಕಾರ್ಡನ್ನು ಎತ್ತಿ ಹಿಡಿದೆ. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಆ ಫೋಟೋ ತೆಗೆಸಿದ ದಿನ ಅವನು ಅಮ್ಮನ ಜೊತೆ ಇದ್ದನಂತೆ. ಅವನಿಗೆ ಒಂಬತ್ತು ವರ್ಷ. ನಾನು ಇನ್ನೂ ತೊಟ್ಟಿಲಲ್ಲಿ, ಪಕ್ಕದ ಮನೆಯ ದೊಡ್ಡಮ್ಮನ ಹತ್ತಿರ ಬಿಟ್ಟು ಹೋಗಿದ್ದರು. ಅಮ್ಮ ಉಟ್ಟಿದ್ದ ಸೀರೆಯೂ ಆ ದೊಡ್ಡಮ್ಮನದೇ. ಅದು ಕಪ್ಪು ಬಿಳುಪು ಫೋಟೋ ಅಲ್ವಾ, ನನಗೆ ಗೊತ್ತೇ ಇರಲಿಲ್ಲ, ಅದು ಹಸಿರು ಸೀರೆಯಂತೆ. ಸ್ಟುಡಿಯೋದವರಿಗೆ ಹಸಿರೇ ಹಾಕಿ ಎಂದು ಹೇಳಿದ್ದು ಅವನು.

ಕಾರ್ಡಿಗೆ ಸೀಲು ಹಾಕಿಸಲು ಹೋದಾಗಲೂ ಅವನಿದ್ದ. ಮೇಜಿನ ಆಚೆ ಕೂತವರು ಪಟ್ಟನೆ ಅಮ್ಮನ ಮುಖದ ಮೇಲೆ ಸೀಲು ಒತ್ತಿದರು. ಹೊರಗೆ ಬಂದ ಮೇಲೆ ಅಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸಲು ನೋಡಿದರಂತೆ. ಹೋಗಲಿಲ್ಲ, ಇನ್ನಷ್ಟು ಹರಡಿತು. ನಾನು ಸೀಲಿನ ಅಂಚು ಸುಮ್ನೆ ಮಸುಕಾಗಿದೆ ಅಂದುಕೊಂಡಿದ್ದೆ, ಅದು ಅಮ್ಮನ ಸೆರಗಿನ ಗುರುತು. "ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಅಮ್ಮ ಕಾರ್ಡನ್ನು ಮುಚ್ಚಿ ಹಿಡಿದುಕೊಂಡಿದ್ದರು. ಅವತ್ತೇ ಅಂದುಕೊಂಡೆ, ದೊಡ್ಡವನಾದ ಮೇಲೆ ಅದನ್ನು ತೆಗೆಸುತ್ತೇನೆ ಅಂತ" ಎಂದ.

ಇಬ್ಬರೂ ತುಂಬ ಅತ್ತೆವು.

ಈಗ ಹೀಗೆ ಮಾಡುತ್ತಿದ್ದೇವೆ. ಪೇಪರಿಗೆ, ಚಾವಡಿಗೆ ಅಣ್ಣ ಮಾಡಿಸಿದ್ದೇ ಹೋಗುತ್ತದೆ. ಸರ ತೆಗೆಸಿದೆ, ಅಣ್ಣನೂ ಒಪ್ಪಿದ. ಮುಖವನ್ನು ಮೊದಲಿನ ಬಣ್ಣಕ್ಕೆ ತರಿಸಿದೆ. ಹಸಿರು ಸೀರೆ ಇರಲಿ. ಬೀಡಿ ಕಾರ್ಡು ನನ್ನ ಹತ್ತಿರ ಇರುತ್ತದೆ. ತಡ್ಪೆ, ಕತ್ತರಿ, ನೂಲಿನ ಉಂಡೆಯ ಫೋಟೋ ಭಾನುವಾರ ತೆಗೆಯುತ್ತೇನೆ.

ಹಳೇ ಸ್ಟುಡಿಯೋ ಅಣ್ಣಾ, ಒಂದು ಕೇಳಲಿಕ್ಕೆ ಇತ್ತು. ಕಾರ್ಡಿನ ಫೋಟೋದ ಒಂದು ಪ್ರತಿ ಮಾಡಿ ಅಣ್ಣನಿಗೆ ಕಳಿಸಬೇಕು. ಮೊಬೈಲಿನಲ್ಲಿ ತೆಗೆದರೆ ಬೆಳಕು ಹೊಳೆಯುತ್ತದೆ.

ಹಳೇ ಸ್ಟುಡಿಯೋ · ಜುಲೈ 27, ಬೆಳಿಗ್ಗೆ 6.30

ಫ್ಲ್ಯಾಶ್ ಬೇಡ ತಂಗಿ. ಆಟಿಯ ಮೋಡದ ಬೆಳಕಿಗಿಂತ ಒಳ್ಳೆಯದು ಯಾವ ಸ್ಟುಡಿಯೋದಲ್ಲೂ ಇಲ್ಲ. ಮಳೆ ಬಿಟ್ಟ ಹೊತ್ತಿನಲ್ಲಿ ಜಗಲಿಗೆ ಬನ್ನಿ. ಕಾರ್ಡನ್ನು ಕಪ್ಪು ಬಟ್ಟೆಯ ಮೇಲೆ ನೆಲದಲ್ಲಿಡಿ. ನೇರ ಮೇಲಿನಿಂದ ತೆಗೆಯಿರಿ, ನಿಮ್ಮ ನೆರಳು ಬೀಳದ ಹಾಗೆ. ಹತ್ತಿರ ಹೋಗಬೇಡಿ, ಸ್ವಲ್ಪ ದೂರದಿಂದ ತೆಗೆದು ಆಮೇಲೆ ಕತ್ತರಿಸಿ. ಫೋಟೋವನ್ನು ಕಾರ್ಡಿನಿಂದ ಬಿಡಿಸಲು ಹೋಗಬೇಡಿ.

ತಡ್ಪೆ · ಜುಲೈ 27, ಸಂಜೆ 6.10

ತೆಗೆದೆ ಅಣ್ಣಾ. ಚೆನ್ನಾಗಿ ಬಂದಿದೆ, ಸೆರಗಿನ ಗುರುತೂ ಕಾಣುತ್ತದೆ. ಪ್ರಿಂಟು ಮಾಡಿಸಿ ಹಿಂದೆ ಪೆನ್ಸಿಲಿನಲ್ಲಿ ಬರೆದೆ. ಅಮ್ಮನ ಹೆಸರು, ಊರು. ಕೆಳಗೆ: ಸೀರೆ ಪಕ್ಕದ ಮನೆಯ ದೊಡ್ಡಮ್ಮನದು, ಹಸಿರು. ಅಣ್ಣ ಜೊತೆಗಿದ್ದ.